‘ಯಾಕೆ ಆಯಿತು?’ ಎಂದು ಕೇಳುವ ನೋಟ್‌ಬುಕ್

ದಿನದಲ್ಲಿ ಆದ ಒಳ್ಳೆಯದನ್ನು ಬರೆದಿಡಲು ಮಾಡಿದ ಗ್ರಾಟಿಟ್ಯೂಡ್ ಜರ್ನಲ್ ಇದು. ಪಾರ್ಶ್ವವಾಯು ಆದ ಅಪ್ಪನನ್ನು ಮನೆಯಲ್ಲೇ ನೋಡಿಕೊಳ್ಳುತ್ತಿದ್ದೇನೆ. ಅವರು ಮಲಗಿದ ಮೇಲೆ ಸಿಗುವ ಸ್ವಲ್ಪ ಹೊತ್ತಿನಲ್ಲಿ ಬರೆಯುತ್ತೇನೆ. ಅಷ್ಟೇ ಬಿಡುವಿರುವವರಿಗೆ ಈ ವಿಮರ್ಶೆ ಜಾಸ್ತಿ ಉಪಯೋಗಕ್ಕೆ ಬರಬಹುದು.

ಪ್ರತಿ ಪುಟದಲ್ಲಿ ಮೂರು ಒಳ್ಳೆಯ ಸಂಗತಿಗಳಿಗೆ ಜಾಗ ಇದೆ. ಇಂಥ ನೋಟ್‌ಬುಕ್‌ಗಳಲ್ಲಿ ಇದು ಮಾಮೂಲು. ಆದರೆ ಇದರಲ್ಲಿ ಪ್ರತಿಯೊಂದರ ಕೆಳಗೆ ‘ಯಾಕೆ ಆಯಿತು?’ ಎಂದು ಇನ್ನೊಂದು ಗೆರೆ ಇದೆ. ಇಡೀ ಪುಸ್ತಕದ ಜೀವ ಇರುವುದು ಅಲ್ಲೇ. ಒಂದು ದಿನ ‘ಅಪ್ಪ ವ್ಯಾಯಾಮದ ಹೊತ್ತಿಗೆ ಹಠ ಮಾಡಲಿಲ್ಲ’ ಎಂದು ಬರೆದೆ. ಯಾಕೆ? ಯೋಚಿಸಿದಾಗ ನೆನಪಾಯಿತು. ಫಿಸಿಯೋಥೆರಪಿ ಮಾಡಿಸಲು ಬರುವ ಹುಡುಗ ಅಪ್ಪನನ್ನು ಮುಟ್ಟುವ ಮೊದಲು ತನ್ನ ಅಂಗೈ ಉಜ್ಜಿ ಬೆಚ್ಚಗೆ ಮಾಡಿಕೊಂಡಿದ್ದ. ನಾನು ಪಕ್ಕದಲ್ಲೇ ನಿಂತು ನೋಡಿದ್ದೆ. ಆ ಗೆರೆ ಕೇಳದಿದ್ದರೆ ಅದು ಹಾಗೇ ಮರೆತುಹೋಗುತ್ತಿತ್ತು. ‘ಒಳ್ಳೆಯ ದಿನ’ ಅಂತ ಸುಮ್ನೆ ಬರೆದರೆ ಯಾರ ಮುಖವೂ ಕಣ್ಣ ಮುಂದೆ ಬರುವುದಿಲ್ಲ. ಯಾಕೆ ಅಂತ ಕೇಳಿಕೊಂಡಾಗ ಹೆಚ್ಚಿನ ಸಲ ಯಾರೋ ಒಬ್ಬರು ಎದುರಿಗೆ ಬಂದು ನಿಲ್ಲುತ್ತಾರೆ.

ಈ ಕ್ರಮ ಹೊಸದಲ್ಲ. ಮನಶ್ಶಾಸ್ತ್ರಜ್ಞ ಮಾರ್ಟಿನ್ ಸೆಲಿಗ್ಮನ್ ಮತ್ತು ಜೊತೆಗಾರರು 2005ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಜನರಿಗೆ ಕೊಟ್ಟ ಒಂದು ಕೆಲಸ ಇದೇ: ಒಂದು ವಾರ ಪ್ರತಿ ರಾತ್ರಿ ಮೂರು ಒಳ್ಳೆಯ ಸಂಗತಿ, ಜೊತೆಗೆ ಅವುಗಳ ಕಾರಣ. ಅದರ ಲಾಭ 6 ತಿಂಗಳ ನಂತರವೂ ಕಾಣಿಸಿತ್ತು.

ನಡುನಡುವೆ ಹರಿದು ತೆಗೆಯಬಹುದಾದ ಪತ್ರದ ಹಾಳೆಗಳಿವೆ. ಇದೂ ಒಳ್ಳೆಯ ಯೋಚನೆ. ಅದೇ ಅಧ್ಯಯನದಲ್ಲಿ ಧನ್ಯವಾದ ಹೇಳಿ ಪತ್ರ ಬರೆದು, ತಾವೇ ಹೋಗಿ ತಲುಪಿಸಿದವರಿಗೆ ಸಿಕ್ಕ ಖುಷಿ ಉಳಿದೆಲ್ಲಕ್ಕಿಂತ ದೊಡ್ಡದಾಗಿತ್ತು. ಆದರೆ ಅದು ಸುಮಾರು ಒಂದು ತಿಂಗಳಷ್ಟೇ ಉಳಿಯಿತು. ನಾನು ಮೊದಲ ಹಾಳೆಯಲ್ಲಿ ಆ ಹುಡುಗನಿಗೇ ಬರೆದುಕೊಟ್ಟೆ. ಬೆಚ್ಚಗಿನ ಕೈಯ ವಿಷಯ ಬರೆದಿದ್ದೆ. ಅವನು ನಿಂತಲ್ಲೇ ಓದಿ, ಮಡಚಿ, ಬ್ಯಾಗಿನ ಒಳಗೆ ಜಿಪ್ ಇರುವ ಕಡೆ ಇಟ್ಟುಕೊಂಡ.

ಕಾಗದ ದಪ್ಪಗಿದೆ, ಇಂಕು ಹಿಂದೆ ಇಳಿಯುವುದಿಲ್ಲ. ಪುಸ್ತಕ ಪೂರ್ತಿ ಅಗಲಕ್ಕೆ ತೆರೆದುಕೊಳ್ಳುತ್ತದೆ. ಪೆನ್ನು ಸಿಕ್ಕಿಸುವ ಪಟ್ಟಿ ಬಿಗಿ.

ಮುನ್ನುಡಿಯ ಎರಡು ಸಲಹೆ ನನಗೆ ಒಪ್ಪಿಗೆಯಿಲ್ಲ. ಒಂದು, ದಿನಾ ತಪ್ಪದೆ ಬರೆಯಿರಿ ಎನ್ನುವುದು. ಮನಶ್ಶಾಸ್ತ್ರಜ್ಞೆ ಸೋನ್ಯಾ ಲ್ಯುಬೊಮಿರ್ಸ್ಕಿ ಅವರ 6 ವಾರಗಳ ಅಧ್ಯಯನದಲ್ಲಿ ವಾರಕ್ಕೊಮ್ಮೆ ಬರೆದವರ ಸಂತೋಷ ಹೆಚ್ಚಿತು, ವಾರಕ್ಕೆ ಮೂರು ಸಲ ಬರೆದವರದ್ದು ಹೆಚ್ಚಲಿಲ್ಲ. ದಿನಾ ಬರೆದರೆ ಮನಸ್ಸು ಸೇರದೆ ಬರೀ ಕೈ ಓಡುತ್ತದೆ, ಅಲ್ವಾ? ಪುಟಗಳಲ್ಲಿ ದಿನಾಂಕ ಅಚ್ಚಾಗಿಲ್ಲ, ಹಾಗಾಗಿ ನಿಮ್ಮ ಲಯಕ್ಕೆ ತಕ್ಕಂತೆ ಬರೆಯಬಹುದು.

ಇನ್ನೊಂದು, ಕೆಟ್ಟದ್ದನ್ನು ಬರೆಯಲೇಬೇಡಿ ಎನ್ನುವುದು. ಇದು ನನಗೆ ನಿಜಕ್ಕೂ ನೋವು ತಂದಿತು. ಅಪ್ಪ ಬಚ್ಚಲಲ್ಲಿ ಬಿದ್ದ ರಾತ್ರಿ ನಾನು ಮೊದಲು ಅದನ್ನೇ ಬರೆದೆ. ತುಂಬಾ ಹೆದರಿಕೆಯಾಯಿತು ಅಂತಲೂ ಬರೆದೆ. ಆಮೇಲೆ, ಚಪ್ಪಲಿಯನ್ನೂ ಹಾಕದೆ ಓಡಿ ಬಂದು ಅವರನ್ನು ಎತ್ತಿದ ಪಕ್ಕದ ಮನೆಯವರ ಬಗ್ಗೆ ಬರೆದೆ. ಬಿದ್ದದ್ದನ್ನು ಬಿಟ್ಟು, ಅವರು ಬಂದದ್ದನ್ನಷ್ಟೇ ಬರೆಯುವುದು ಹೇಗೆ? ಈಗಷ್ಟೇ ದೊಡ್ಡ ದುಃಖ ಕಂಡವರಿಗೆ ದಯವಿಟ್ಟು ಇದನ್ನು ಉಡುಗೊರೆ ಕೊಡಬೇಡಿ. ಆ ಮುನ್ನುಡಿ ಅವರ ಬಾಯಿ ಮುಚ್ಚಿಸಿದಂತಾಗುತ್ತದೆ.

ಉಳಿದವರು ಧಾರಾಳವಾಗಿ ಕೊಳ್ಳಬಹುದು. 5ಕ್ಕೆ 4 ಕೊಡುತ್ತೇನೆ. ತಯಾರಿಸುವವರಿಗೆ ಒಂದು ಕೋರಿಕೆ: ಪ್ರತಿ ಪುಟದ ಮೇಲೆ ದಪ್ಪ ಅಕ್ಷರದಲ್ಲಿ ಅಚ್ಚು ಮಾಡಿರುವ ಸುಭಾಷಿತ ತೆಗೆದುಬಿಡಿ. ಆ ಜಾಗವನ್ನು ‘ಯಾಕೆ ಆಯಿತು?’ ಗೆರೆಗೆ ಕೊಡಿ. ಅಲ್ಲಿ ಬರೆಯಲು ಈಗಿರುವ ಜಾಗ ಸಾಲುತ್ತಿಲ್ಲ.