ಮಕ್ಕಳ ಹಾಕಿ ಶಿಬಿರದ ಸಿಬ್ಬಂದಿಗೆ ಹಿನ್ನೆಲೆ ಪರಿಶೀಲನೆ: ಐದಕ್ಕೆ ಮೂರು ನಕ್ಷತ್ರ

ಗೋಣಿಕೊಪ್ಪದ ಬಳಿ ಬೇಸಿಗೆ ರಜೆಯಲ್ಲಿ ಮಕ್ಕಳಿಗೆ ಹಾಕಿ ಶಿಬಿರ ನಡೆಸುವ ಸಮಿತಿಯ ಕಾರ್ಯದರ್ಶಿ ನಾನು. ಈ ಸಲ ಸಹಾಯಕ ತರಬೇತುದಾರ, ವ್ಯಾನ್ ಚಾಲಕ, ಅಡುಗೆಯವರು, ಹುಡುಗಿಯರ ಕೊಠಡಿಯ ಮೇಲ್ವಿಚಾರಕಿ ಎಲ್ಲರ ಪರಿಶೀಲನೆಯನ್ನು ಬೆಂಗಳೂರಿನ ಖಾಸಗಿ ಕಂಪನಿಯೊಂದಕ್ಕೆ ಒಪ್ಪಿಸಿದೆವು. ಕಂಪನಿಯ ಹೆಸರು ಇಲ್ಲಿ ಬೇಡ.

ಕೊಡವರ ಮನೆಯ ಕೋವಿಗೇ ಪರವಾನಗಿಯಿಂದ ವಿನಾಯಿತಿ ಇರುವಾಗ ಚೆಂಡು ಹೆಕ್ಕಿಕೊಡುವ ಹುಡುಗನಿಗೆ ಪೊಲೀಸ್ ಪತ್ರವೇ ಎಂದು ಸಮಿತಿಯ ಹಿರಿಯರೊಬ್ಬರು ನಕ್ಕರು. ನನಗೆ ನಗು ಬರಲಿಲ್ಲ. 2020ರ ಪೋಕ್ಸೊ (ಲೈಂಗಿಕ ಅಪರಾಧಗಳಿಂದ ಮಕ್ಕಳ ರಕ್ಷಣೆ) ನಿಯಮಗಳ ಪ್ರಕಾರ ಶಾಲೆ, ಶಿಶುಪಾಲನಾ ಕೇಂದ್ರ, ಕ್ರೀಡಾ ಅಕಾಡೆಮಿಗಳಂತಹ ಸಂಸ್ಥೆಗಳು ಕಾಯಂ, ಗುತ್ತಿಗೆ ಎಂದು ನೋಡದೆ ಮಕ್ಕಳ ಸಂಪರ್ಕಕ್ಕೆ ಬರುವ ಎಲ್ಲ ಸಿಬ್ಬಂದಿಯ ಪೊಲೀಸ್ ಪರಿಶೀಲನೆಯನ್ನು ಕಾಲಕಾಲಕ್ಕೆ ಮಾಡಿಸಲೇಬೇಕು.

ಮೊದಲ ತಕರಾರು ಅರ್ಜಿಯದು. ಒಪ್ಪಿಗೆ ಪತ್ರ ಇಂಗ್ಲಿಷಿನಲ್ಲಿ ಮಾತ್ರ ಇತ್ತು. ಅಡುಗೆಯವರಿಗೆ ನಾನೇ ಸಾಲು ಸಾಲಾಗಿ ಓದಿ ಹೇಳಿದ ಮೇಲೆ ಸಹಿ ಹಾಕಿದರು. ಇನ್ನು ತರಬೇತುದಾರರ ಮನೆತನದ ಹೆಸರು ಆಧಾರ್‌ನಲ್ಲಿ ಒಂದೇ ಅಕ್ಷರವಾಗಿದೆ, ಅಂಕಪಟ್ಟಿಯಲ್ಲಿ ಪೂರ್ತಿಯಾಗಿ ಮೊದಲಿಗೇ ಇದೆ. ಕಂಪನಿಯವರು ಆಧಾರ್‌ನಲ್ಲಿ ಇದ್ದಂತೆ ಮಾತ್ರ ಹುಡುಕಿದ್ದರು. ಪಟ್ಟು ಹಿಡಿದ ಮೇಲೆ ಬೇರೆ ಬೇರೆ ರೂಪಗಳಲ್ಲಿ ಹುಡುಕಿಕೊಟ್ಟರು, ಅದಕ್ಕೆ ಹೆಚ್ಚುವರಿ ಹಣ ಕೇಳಲಿಲ್ಲ ಎನ್ನುವುದನ್ನೂ ಹೇಳಬೇಕು.

ವರದಿಯ ಪ್ರತಿ ಪುಟದ ತಲೆಯ ಮೇಲೂ ಹಸಿರು ಬಣ್ಣದಲ್ಲಿ 'ದಾಖಲೆ ಇಲ್ಲ' ಎಂದಿತ್ತು. ಇರುವೆಯಂಥ ಅಕ್ಷರಗಳಲ್ಲಿ ಕೆಳಗಿದ್ದುದನ್ನು ಓದಿದಾಗ ವಿಷಯ ತಿಳಿಯಿತು: ಈಗಿನ ವಿಳಾಸ ಮತ್ತು ಕಾಯಂ ವಿಳಾಸದ ಜಿಲ್ಲೆಗಳ ನ್ಯಾಯಾಲಯಗಳನ್ನಷ್ಟೇ ನೋಡಿದ್ದಾರೆ. ನಮ್ಮ ಚಾಲಕ ಹಿಂದೆ ಕಣ್ಣೂರಿನ ಕಡೆ ಶಾಲಾ ವಾಹನ ಓಡಿಸುತ್ತಿದ್ದವರು. ಗಡಿ ದಾಟಿದರೆ ಹುಡುಕಾಟವೂ ನಿಂತಿತು! ಆ ಜಿಲ್ಲೆಗೆ ಬೇರೆಯೇ ಶುಲ್ಕವಂತೆ. ಕಟ್ಟಿದೆವು. ಆ ವರದಿ ಬರುವವರೆಗೆ ವ್ಯಾನಿನಲ್ಲಿ ಒಬ್ಬ ಪೋಷಕರು ಜತೆಗಿರಬೇಕೆಂದು ಏರ್ಪಾಡು ಮಾಡಿದೆವು.

ಮಾರಾಟ ಪ್ರತಿನಿಧಿ ಬಾಯಿ ತೆರೆದರೆ 'ರಾಷ್ಟ್ರೀಯ ದತ್ತಾಂಶ' ಎನ್ನುತ್ತಿದ್ದರು. ಲೈಂಗಿಕ ಅಪರಾಧಿಗಳ ರಾಷ್ಟ್ರೀಯ ದತ್ತಾಂಶ 2018ರಲ್ಲೇ ಶುರುವಾಗಿದೆ, ಆದರೆ ಅದನ್ನು ನೋಡುವ ಅಧಿಕಾರ ಪೊಲೀಸರು, ತನಿಖಾ ಸಂಸ್ಥೆಗಳಿಗೆ ಮಾತ್ರ. ಇದನ್ನು ನೇರವಾಗಿ ಕೇಳಿದಾಗ ಅವರು ರಿಯಾಯಿತಿಯ ಮಾತು ತೆಗೆದರು. ಆದ್ದರಿಂದ ಪೊಲೀಸ್ ಪರಿಶೀಲನೆಗೆ ಬೇರೆಯೇ ಅರ್ಜಿ ಹಾಕಿದ್ದೇವೆ. ಅಲ್ಲದೆ, ಮರ್ಯಾದೆಗೆ ಅಂಜಿ ಊರೊಳಗೇ ರಾಜಿ ಮಾಡಿ ಮುಚ್ಚಿಹಾಕಿದ ಪ್ರಕರಣ ಯಾವ ದತ್ತಾಂಶದಲ್ಲೂ ಸಿಗುವುದಿಲ್ಲ.

ಕೊಟ್ಟ ಹಣಕ್ಕೆ ನ್ಯಾಯ ಸಿಕ್ಕಿದ್ದು ಹಿಂದಿನ ಮಾಲೀಕರ ವಿಚಾರಣೆಯಲ್ಲಿ. ಕಂಪನಿಯ ಸಿಬ್ಬಂದಿಯಾದ ಹೆಣ್ಣುಮಗಳೊಬ್ಬಳು ಆ ಮಾಲೀಕರಿಗೆಲ್ಲ ಫೋನ್ ಮಾಡಿ, 'ಇವರನ್ನು ಮತ್ತೆ ಕೆಲಸಕ್ಕೆ ತೆಗೆದುಕೊಳ್ಳುತ್ತೀರಾ' ಎಂದು ಕೇಳಿ, ಉತ್ತರಗಳನ್ನು ಆಡಿದ ಮಾತಿನಲ್ಲೇ ಬರೆದಿದ್ದಳು. ಅಡುಗೆಯವರ ಹೆಸರಿನ ಮುಂದೆ, 'ಹಿಂದೆ ಕೆಲಸ ಮಾಡಿದ ತೋಟದ ರೈಟರ್ (ಗುಮಾಸ್ತ) ಈ ಪ್ರಶ್ನೆಗೆ ಉತ್ತರಿಸದೆ ಮಾತು ತೇಲಿಸಿದರು, ನೀವೇ ಭೇಟಿಯಾಗಿ' ಎಂದಿತ್ತು. ಹೋಗಿ ವಿಚಾರಿಸಿದೆ. ಕೂಲಿ ಬಾಕಿಯ ಜಗಳವಂತೆ, ಮಕ್ಕಳಿಗೆ ಸಂಬಂಧಿಸಿದ್ದು ಏನೂ ಇರಲಿಲ್ಲ. ಆದರೂ ಆ ಒಂದು ಸಾಲಿಗಾಗಿಯೇ ಒಂದು ನಕ್ಷತ್ರ ಹೆಚ್ಚು ಕೊಟ್ಟಿದ್ದೇನೆ.

ಇಂಥ ಕಂಪನಿಗಳಿಗೆ ಹಣ ಕಟ್ಟುವ ಮುನ್ನ ಯಾವ ಜಿಲ್ಲೆಗಳ ಯಾವ ನ್ಯಾಯಾಲಯಗಳಲ್ಲಿ, ಎಷ್ಟು ವರ್ಷಗಳ ಹಿಂದಿನವರೆಗೆ, ಯಾವ ಯಾವ ಹೆಸರಿನಲ್ಲಿ ಹುಡುಕುತ್ತೀರಿ ಎಂದು ಲಿಖಿತವಾಗಿ ಕೇಳಿ. ಕನ್ನಡದ ಒಪ್ಪಿಗೆ ಪತ್ರವನ್ನೂ ಕೇಳಿ.