ಮಗುವಿನ ನಗುವಿನ ಫೋಟೋಗೆ ಸ್ಟುಡಿಯೋನಾ, ಕೆರೆ ದಂಡೆನಾ?

ಸ್ಟುಡಿಯೋದಲ್ಲಿ ಬೆಳಕು ನಮ್ಮ ಕೈಯಲ್ಲಿರುತ್ತದೆ, ಮಳೆಯ ಚಿಂತೆ ಇಲ್ಲ. ಆರು ತಿಂಗಳ ಕೂಸಿಗೆ ಅದೇ ಸರಿ.

ಮೂರು ವರ್ಷ ದಾಟಿದ ಮಗುವಾದರೆ ಮೈಸೂರಿನ ಕಾರಂಜಿ ಕೆರೆಗೇ ಕರೆದುಕೊಂಡು ಹೋಗಿ. "ನಗು ಪುಟ್ಟಾ" ಅಂದರೆ ಮಕ್ಕಳು ಸುಮ್ನೆ ಹಲ್ಲು ಕಿರಿಯುತ್ತಾರೆ, ಕಣ್ಣು ನಗೋದಿಲ್ಲ. ಫ್ರಾನ್ಸಿನ ವೈದ್ಯ ದುಶೆನ್ 1862ರಲ್ಲೇ ಬರೆದಿದ್ದರು: ನಿಜವಾದ ನಗುವಿನಲ್ಲಿ ಕಣ್ಣಿನ ಸುತ್ತಲ ಸ್ನಾಯುವೂ ಸೇರಿಕೊಳ್ಳುತ್ತದೆ. ನನ್ನ ಮಗಳು ಕಾರಂಜಿ ಕೆರೆಯಲ್ಲಿ ನವಿಲು ಕಂಡು ಅಜ್ಜಿಯತ್ತ ತಿರುಗಿದಳು ನೋಡಿ, ಕೆನ್ನೆ ಉಬ್ಬಿ ಕಣ್ಣು ಬರೀ ಗೀಟು! ಎಷ್ಟು ಚೆಂದ ಅಲ್ವಾ?

ಓಡುವ ಮಗು ಮಸುಕಾಗದಿರಲು ಕ್ಯಾಮೆರಾದ ಶಟರ್ ವೇಗ 1/500 ಸೆಕೆಂಡಿಗೆ ಇಡಿ. ನೆಲಕ್ಕೆ ಕೂತು ಅವರ ಎತ್ತರದಲ್ಲೇ ಕ್ಲಿಕ್ ಮಾಡಿ. ಹಸಿದ ಮಗು ಎಲ್ಲೂ ನಗೋದಿಲ್ಲ, ಮೊದಲು ತಿಂಡಿ ಕೊಡಿ.