ಮೊನೊವಿ ಟ್ಯಾವರ್ನ್: ಒಬ್ಬರೇ ಇರುವ ಊರಿನ ಹೋಟೆಲು

ಬರ್ಗರ್ ತಿನ್ನೋಕೆ ಅಂತ ಅಮೆರಿಕದ ನೆಬ್ರಾಸ್ಕಾ ರಾಜ್ಯದ ಒಮಾಹಾ ನಗರದಿಂದ ಮೂರು ಗಂಟೆಗೂ ಜಾಸ್ತಿ ಕಾರು ಓಡಿಸೋದು ಹುಚ್ಚು ಅಲ್ವಾ? 2019ರಲ್ಲಿ ನಾವು ಅದನ್ನೇ ಮಾಡಿದೆವು. ನೆಬ್ರಾಸ್ಕಾದ ಉತ್ತರದ ತುದಿ, ದಾರಿಯುದ್ದಕ್ಕೂ ಬರೀ ಹುಲ್ಲು, ಆಮೇಲೆ ಒಂದು ಹಸಿರು ಫಲಕ: ಮೊನೊವಿ, ಜನಸಂಖ್ಯೆ 1.

ಆ ಒಬ್ಬರು ಎಲ್ಸಿ ಐಲರ್. ಮೇಯರ್, ಕ್ಲರ್ಕ್, ಖಜಾಂಚಿ, ಈ ಹೋಟೆಲಿನ ಯಜಮಾನಿ, ಎಲ್ಲಾ ಅವರೇ. ಮದ್ಯದ ಲೈಸೆನ್ಸ್‌ಗೆ ಅರ್ಜಿ ಹಾಕೋದೂ ಅವರೇ, ಮೇಯರ್ ಆಗಿ ಸಹಿ ಮಾಡೋದೂ ಅವರೇ! ನಾಲ್ಕು ಬೀದಿದೀಪ ಉರಿಯಲಿ, ನೀರು ಬರಲಿ ಅಂತ ವರ್ಷಕ್ಕೆ ಸುಮಾರು 500 ಡಾಲರ್ ತೆರಿಗೆಯನ್ನು ತಮ್ಮಿಂದಲೇ ವಸೂಲಿ ಮಾಡಿಕೊಳ್ಳುತ್ತಿದ್ದರು.

ಬರ್ಗರ್ ಬಿಸಿಬಿಸಿ, ಸಾದಾ, ಬೆಲೆಯೂ ಕಡಿಮೆ. ಊರು ಖಾಲಿ, ಆದರೆ ಒಳಗೆ ಸುತ್ತಮುತ್ತಲ ರೈತರು ಹರಟುತ್ತಾ ಕೂತಿದ್ದರು.

1930ರ ದಶಕದಲ್ಲಿ ಇಲ್ಲಿ ಸುಮಾರು 150 ಜನ ಇದ್ದರಂತೆ. ಆಮೇಲೆ ಹೊಲದ ಕೆಲಸ ಕಡಿಮೆಯಾಯಿತು, ಹುಡುಗರು ಪಟ್ಟಣ ಸೇರಿದರು, ಅಂಚೆ ಕಚೇರಿ ಹೋಯಿತು, ಶಾಲೆ ಹೋಯಿತು, ರೈಲೂ ನಿಂತಿತು. 2000ದಲ್ಲಿ ಉಳಿದದ್ದು ಎಲ್ಸಿ ಮತ್ತು ಗಂಡ ರೂಡಿ, ಇಬ್ಬರೇ. 2004ರಲ್ಲಿ ರೂಡಿ ತೀರಿಕೊಂಡರು. ಅವರ ಸುಮಾರು 5,000 ಪುಸ್ತಕಗಳು ಪಕ್ಕದ ಪುಟ್ಟ ಕೋಣೆಯಲ್ಲಿ ಲೈಬ್ರರಿಯಾಗಿವೆ. ಹೋದವರು ಅದನ್ನು ನೋಡದೆ ಬರಬೇಡಿ, ಬರ್ಗರ್‌ಗಿಂತ ಅದೇ ನನಗೆ ಇಷ್ಟವಾಗಿದ್ದು.

ಅಂದಹಾಗೆ 2020ರ ಜನಗಣತಿ ಇಲ್ಲಿ ಇಬ್ಬರಿದ್ದಾರೆ ಅಂದಿತು. ಜನರ ಖಾಸಗಿ ವಿವರ ಗುಟ್ಟಾಗಿರಲಿ ಅಂತ ಜನಗಣತಿ ಇಲಾಖೆಯವರೇ ಅಂಕಿಗಳನ್ನು ಬೇಕೆಂದೇ ಸ್ವಲ್ಪ ಕದಡುತ್ತಾರೆ, ಅದರ ಫಲ. ಇನ್ನೊಬ್ಬರು ಯಾರು ಅಂತ ಎಲ್ಸಿಗೇ ಗೊತ್ತಿರಲಿಲ್ಲ.